ತೂತಿಲ್ಲದ ಡಬ್ಬಿಯಲ್ಲಿ ಅಂಜೂರ

ದೂಜ ಮಾಸ್ಟರ್ ಹೋಟೆಲು ಬಿಟ್ಟು ಮನೆಯಲ್ಲಿ ಕೂತ ಮೂರನೇ ವಾರಕ್ಕೇ ಹೆಂಡತಿ ಸೇವಂತಿ ಅವನನ್ನು ಅಡುಗೆಮನೆಯಿಂದ ಹೊರಗೆ ಹಾಕಿದಳು.

ತಪ್ಪು ಅವನದೇ. ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಮನುಷ್ಯ. ಕೈ ಸುಮ್ಮನಿರುವುದನ್ನು ಕಲಿತದ್ದೇ ಇಲ್ಲ. ಸಾರು ಕುದಿಯುತ್ತಿದ್ದರೆ ಮುಚ್ಚಳ ತೆಗೆದು ಒಂದು ಚಿಟಿಕೆ ಉಪ್ಪು, ಪಲ್ಯ ಬೇಯುತ್ತಿದ್ದರೆ ಇನ್ನೊಂದು ಸೌಟು ನೀರು. ಆ ದಿನ ಬಂಗುಡೆ ಗಸಿಗೆ ಸೌಟು ಇಳಿಸಿ ಗರಗರ ತಿರುಗಿಸಿಬಿಟ್ಟ. ಮಧ್ಯಾಹ್ನ ಬಟ್ಟಲಲ್ಲಿ ಮೀನು ಹುಡುಕಬೇಕಾಯಿತು.

"ಇದೆಂತ ಮಾರಾಯ್ರೆ, ಸಾಂಬಾರಾ?" ಸೇವಂತಿ ಸೌಟು ಕಸಿದುಕೊಂಡಳು. "ಇನ್ನು ಈ ಹೊಸ್ತಿಲು ದಾಟಿದ್ರೆ ನೋಡಿ."

ಚೆಂಬೂರಿನ ಆ ಎರಡು ಕೋಣೆಯ ಮನೆಯಲ್ಲಿ ಹೊಸ್ತಿಲಿನಿಂದ ಒಲೆಗೆ ನಾಲ್ಕೇ ಹೆಜ್ಜೆ. ದೂಜ ಹೊರಗೆ ನಿಂತೇ ಕೇಳಿಕೊಂಡ. "ಭಾನುವಾರ ಒಂದು ದಿನ ಒಲೆ ನನಗೆ ಬಿಡು. ದೋಸೆ ಮಾಡ್ತೇನೆ. ಊರಿಗೆಲ್ಲ ದೋಸೆ ಹೊಯ್ದೆ. ನೀನು ತಿಂದದ್ದು ಪಾರ್ಸೆಲ್ ಮಾತ್ರ, ಅದೂ ಆರಿ ಚರ್ಮದ ಹಾಗೆ ಆದದ್ದು."

ಮಾತು ನಿಜ. ಮೊದಲ ಲೋಕಲ್ ರೈಲಿಗೆ ಹೋಗಿ ಕೊನೆಯ ಗಿರಾಕಿ ಎದ್ದ ಮೇಲೆ ಬರುತ್ತಿದ್ದವನ ಕೈಯ ಬಿಸಿ ದೋಸೆ ಅವಳ ತಟ್ಟೆಗೆ ಒಮ್ಮೆಯೂ ಬಿದ್ದಿರಲಿಲ್ಲ. ಸೇವಂತಿಗೆ ಮನಸ್ಸು ಮೆತ್ತಗಾಯಿತು. ಆದರೂ ಅವಳ ಕಣ್ಣು ಮೀನಿನ ಚೂರುಗಳ ಮೇಲಿತ್ತು. "ನೋಡುವಾ. ಮೊದಲು ಯಾವುದಾದರೂ ಒಂದನ್ನು ಕೆಡಿಸದೆ ಇಟ್ಟು ತೋರಿಸಿ."

ಆಗಲೇ ಬಾಗಿಲಲ್ಲಿ ಪೊರಕೆ ಸದ್ದು ನಿಂತಿತು. ಬಿಲ್ಡಿಂಗಿನ ಮೆಟ್ಟಿಲು ಗುಡಿಸುವ ಲಕ್ಷ್ಮವ್ವ ಎಲ್ಲ ಕೇಳಿಸಿಕೊಂಡಿದ್ದಳು. ಬಳ್ಳಾರಿ ಕಡೆಯವಳು. ಹಿಂದಿನ ದಿನವಷ್ಟೇ ಅಣ್ಣನ ಹೊಲಕ್ಕೆ ಹೋಗಿ ಬಂದಿದ್ದಳು.

"ಕೆಡಸಲಾರ್ದಂಗ ಇಡ್ಲಿಕ್ಕೆ ನಾ ಒಂದ್ ಕೊಡ್ತೀನ್ರಿ ಅಕ್ಕಾರ," ಅಂದಳು. ಮರುದಿನ ಒದ್ದೆ ಬಟ್ಟೆ ಸುತ್ತಿದ ಒಂದು ಗೇಣುದ್ದದ ಕಡ್ಡಿ ತಂದಳು. "ಅಂಜೂರ. ನನ್ನ ಖೋಲಿಗೆ ಬಿಸಲ ಬರೂದಿಲ್ಲ. ನಿಮ್ಮ ಗ್ಯಾಲರಿಗೆ ಬರತೈತಿ."

ಸೇವಂತಿ ಕಡ್ಡಿ ನೋಡಿ ನಕ್ಕಳು. "ಆಯ್ತು. ಮಳೆ ಶುರುವಾಗುವ ದಿನ ಇದರಲ್ಲಿ ಹಸಿರು ಇದ್ರೆ ಭಾನುವಾರದ ಒಲೆ ನಿಮ್ಮದು. ಇಲ್ಲದಿದ್ರೆ ಹೊಸ್ತಿಲೇ ಗಡಿ."

ಅದು ಫೆಬ್ರವರಿ. ದೂಜ ಆ ದಿನವೇ ಹಳೇ ಹೋಟೆಲಿಗೆ ಹೋಗಿ ಎಣ್ಣೆಯ ಖಾಲಿ ಡಬ್ಬಿ ತಂದ. ಅದರ ತಳದಲ್ಲಿ ಒಂದು ಸಣ್ಣ ತೂತು ಕಂಡಿತು. ಸೋರುವ ಡಬ್ಬಿಯೆಂದರೆ ಅವನಿಗೆ ಮೈ ಉರಿಯುತ್ತದೆ. ಹೋಟೆಲಿನಲ್ಲಿ ಸೋರುವ ಡಬ್ಬಿ ಇಟ್ಟವನಿಗೆ ಅವನು ಬೈದ ಬೈಗುಳ ರಸ್ತೆಗೆ ಕೇಳಿಸುತ್ತಿತ್ತು. ಪ್ಲಂಬರನ ಹತ್ತಿರ ಅಂಟು ತಂದು, ಕಲಸಿ, ತೂತಿಗೆ ಒತ್ತಿ, ನೀರು ತುಂಬಿಸಿ ಒಂದು ರಾತ್ರಿ ಇಟ್ಟು ಪರೀಕ್ಷೆ ಮಾಡಿದ. ಒಂದು ತೊಟ್ಟೂ ಹೊರಗೆ ಬರಲಿಲ್ಲ. ತೃಪ್ತಿಯಿಂದ ಮಣ್ಣು ತುಂಬಿ ಕಡ್ಡಿ ನೆಟ್ಟು, ಗ್ಯಾಲರಿ ಎನ್ನುವ ಪುಟ್ಟ ಬಾಲ್ಕನಿಯಲ್ಲಿ ಇಟ್ಟ.

ಹದಿನೈದು ದಿನಕ್ಕೆ ಕಡ್ಡಿಯ ತುದಿ ಒಡೆಯಿತು. ಅಂಗೈ ಬಿಡಿಸಿದ ಹಾಗೆ ಮೂರು ಎಲೆ! ದೂಜ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ. ಲಿಫ್ಟ್ ಮೆಕ್ಯಾನಿಕ್ ಕೂಡ ನೋಡಿ ಹೋದ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕಾವಲಿಯ ಮುಂದೆ ನಿಂತವನಿಗೆ ನಿಮಿಷಕ್ಕೊಮ್ಮೆ ನೀರು ಚಿಮುಕಿಸುವ ಚಟ. ಬೆಳಿಗ್ಗೆ ಒಂದು ಚೊಂಬು, ಊಟದ ಮೇಲೆ ಒಂದು ಚೊಂಬು. ಸೇವಂತಿ ದೋಸೆಗೆ ಅರೆದ ದಿನ ಗ್ರೈಂಡರ್ ತೊಳೆದ ಬಿಳಿ ನೀರು. "ಇದರಲ್ಲಿ ಉದ್ದಿನ ಸತ್ವ ಉಂಟು," ಎಂದು ಮೇಲೆ ಕಾಫಿ ಚರಟ ಬೇರೆ.

ಏಪ್ರಿಲ್‌ನಲ್ಲಿ ಒಂದು ಎಲೆ ಹಳದಿಯಾಗಿ ಉದುರಿತು. ಬಾಯಾರಿಕೆ ಇರಬೇಕು ಎಂದು ದೂಜ ಇನ್ನೊಂದು ಚೊಂಬು ಹಾಕಿದ. ಎರಡನೆಯದೂ ಉದುರಿತು. ಮೂರನೆಯದು ಬಿದ್ದ ದಿನ ಅವನು ಅದನ್ನು ಹೆಕ್ಕಿ ಅಂಗಿಯ ಕಿಸೆಗೆ ಹಾಕಿಕೊಂಡ. ಮಧ್ಯಾಹ್ನ ಊಟ ಸೇರಲಿಲ್ಲ. ಡಬ್ಬಿಯ ಸುತ್ತ ನೊಣ, ಹುಳಿ ವಾಸನೆ.

"ಗ್ಯಾಲರಿಯಲ್ಲೂ ಹೋಟೆಲ್ ತೆರೆದ್ರಾ?" ಎಂದು ಮೂಗು ಮುಚ್ಚಿದ ಸೇವಂತಿ ಅವನ ಮುಖ ನೋಡಿದಳು. ತಾನೇ ಹೋಗಿ ಲಕ್ಷ್ಮವ್ವನನ್ನು ಕರೆದು ತಂದಳು.

ಲಕ್ಷ್ಮವ್ವ ಡಬ್ಬಿಯನ್ನು ಓರೆ ಮಾಡಿದಳು. ಮೇಲಿನಿಂದ ಬಿಳಿ ನೀರು ಬಳಬಳ ಸುರಿಯಿತು. ತಳಕ್ಕೆ ಮೆತ್ತಿದ ಅಂಟು ನೋಡಿ ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಮಾಸ್ಟರ್ರ, ಇಲ್ಲಿ ತೂತು ಇತ್ತಲ್ರೀ?"

"ಇತ್ತು. ನಾನೇ ಮುಚ್ಚಿದೆ. ಒಂದು ತೊಟ್ಟು ಸೋರುವುದಿಲ್ಲ ಈಗ."

"ಯವ್ವಾ! ಎಲ್ಲಾರೂ ಮೊಳಿ ಬಡದು ತೂತು ಮಾಡ್ತಾರ, ನೀವು ಇದ್ದದ್ದನ್ನ ಮುಚ್ಚೀರಿ! ಇದು ಗಿಡ ಹಚ್ಚಿದ್ದಲ್ಲ, ಬಾವಿ ತೋಡಿದ್ದು!" ಅವಳು ನಕ್ಕ ನಗುವಿಗೆ ಸೇವಂತಿಯೂ ಸೆರಗು ಬಾಯಿಗಿಟ್ಟುಕೊಂಡಳು. ನಗು ನಿಂತ ಮೇಲೆ ಲಕ್ಷ್ಮವ್ವ ಉಗುರಿನಿಂದ ಕಡ್ಡಿಯ ತೊಗಟೆ ಕೆರೆದಳು. ಒಳಗೆ ನೂಲಿನಷ್ಟು ಹಸಿರು. "ಜೀವ ಐತ್ರಿ. ಮಣ್ಣಿನ ಕುಂಡ ತರ್ರಿ."

ಮಣ್ಣಿನ ಕುಂಡ ಬಂತು, ತಳದಲ್ಲಿ ತೂತಿದ್ದದ್ದು. ತೂತಿನ ಮೇಲೆ ಒಡೆದ ಹಂಚಿನ ಚೂರು, ಮಣ್ಣು ಜಾರದಂತೆ, ನೀರು ಇಳಿಯುವಂತೆ. ಕೆಂಪು ಮಣ್ಣು, ಸ್ವಲ್ಪ ಮರಳು, ಹಳೇ ಸೆಗಣಿ ಗೊಬ್ಬರ ಒಂದು ಹಿಡಿ. ಕೊಳೆತು ಕಪ್ಪಾದ ಬೇರುಗಳನ್ನು ಲಕ್ಷ್ಮವ್ವ ಕತ್ತರಿಸಿ ತೆಗೆದಳು. ದೂಜ ಮುಖ ಬೇರೆ ಕಡೆ ತಿರುಗಿಸಿದ. ಎರಡೇ ಬೇರು ಉಳಿದವು.

"ಎಂಟು ದಿನ ನೆಳ್ಳಾಗ ಇಡ್ರಿ. ಆಮ್ಯಾಲೆ ಮುಂಜಾನಿ ಬಿಸಲಿಗೆ. ನೀರು ಹಾಕೂ ಮೊದ್ಲ ಎರಡು ಗೆಣ್ಣು ಬೆರಳು ಇಳಸ್ರಿ. ಬೆರಳಿಗೆ ತಂಪ ಹತ್ತಿದ್ರ ಹನಿ ನೀರೂ ಬ್ಯಾಡ. ಬೇರಿಗೂ ಉಸರು ಬೇಕ್ರಿ."

"ಗೊಬ್ಬರ? ಗ್ರೈಂಡರ್ ನೀರು?"

"ಏನೂ ಬ್ಯಾಡ. ಸುಮ್ನ ಕುಂಡರ್ರಿ."

ದೂಜನಿಗೆ ಜೀವಮಾನದಲ್ಲಿ ಸಿಕ್ಕಿದ ಅತಿ ಕಷ್ಟದ ಕೆಲಸ ಅದು. ಮೇ ತಿಂಗಳ ಬಿಸಿಲು ಗ್ಯಾಲರಿಯ ಸರಳುಗಳನ್ನು ಕಾಯಿಸುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾಗದೆ ಚೊಂಬು ತುಂಬಿಸಿ ತಂದ. ಒಳಗಿನಿಂದ ಸೇವಂತಿ ನೋಡುತ್ತಿದ್ದಾಳೆಂದು ಬೆನ್ನಿಗೇ ಗೊತ್ತಾಯಿತು. ಬೆರಳು ಇಳಿಸಿದ. ತಂಪು. ಚೊಂಬು ಎತ್ತಿದವನು ಒಂದು ಗಳಿಗೆ ನಿಂತು, ಗಟಗಟ ತಾನೇ ಕುಡಿದುಬಿಟ್ಟ.

ಆ ಸಂಜೆ ಸೇವಂತಿ ಹಿಟ್ಟು ಅರೆದು ಮುಚ್ಚಿಡುವಾಗ ಅವನಿಗೆ ಒಂದು ಮಾತು ಹೊಳೆಯಿತು. ಹೋಟೆಲಿನಲ್ಲಿ ಹಿಟ್ಟು ಹುಳಿ ಬರಲು ಇಟ್ಟ ಮೇಲೆ ಯಾರಾದರೂ ಮುಚ್ಚಳ ಎತ್ತಿ ಇಣುಕಿದರೆ ಕೈಗೇ ಹೊಡೆಯುತ್ತಿದ್ದವನು ತಾನು. "ಉಬ್ಬುವುದು ಅದರ ಕೆಲಸ, ಕಾಯುವುದು ನಿನ್ನ ಕೆಲಸ," ಎಂದು ಎಷ್ಟು ಜನಕ್ಕೆ ಹೇಳಿಲ್ಲ! ಈ ಕಡ್ಡಿಯೂ ಹಾಗೇ ಮುಚ್ಚಿಟ್ಟ ಹಿಟ್ಟು ಎಂದುಕೊಂಡ. ಅಂದಿನಿಂದ ಅವನ ಕೈ ತಾನಾಗಿ ಹಿಂದಕ್ಕೆ ಕಟ್ಟಿಕೊಂಡಿತು. ಬೆಳಿಗ್ಗೆ ಒಮ್ಮೆ ಬೆರಳು, ಒಣಗಿದ್ದರೆ ತಳದಿಂದ ಇಳಿಯುವಷ್ಟು ನೀರು, ಇಲ್ಲವಾದರೆ ಒಂದು ನಮಸ್ಕಾರ.

ಮೇ ಮುಗಿಯಿತು. ಕಡ್ಡಿ ಕಡ್ಡಿಯಾಗಿಯೇ ಇತ್ತು. ಕೆಳಗಿನ ಅಂಗಡಿಗಳವರು ಮಳೆಗೆಂದು ನೀಲಿ ತಾಡಪತ್ರಿ ಕಟ್ಟತೊಡಗಿದರು. ಜೂನ್ ಮೊದಲ ವಾರದ ಶನಿವಾರ ಆಕಾಶ ಕಪ್ಪಿಟ್ಟು ಧೂಳಿನ ಗಾಳಿ ಎದ್ದಿತು. ದೂಜ ಕುಂಡ ಒಳಗಿಡಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ.

"ಸೇವಂತೀ... ಕನ್ನಡಕ ತಾ."

ಅವಳು ಕನ್ನಡಕ ತನ್ನ ಮೂಗಿಗೇ ಏರಿಸಿಕೊಂಡು ಬಗ್ಗಿದಳು. ಕಡ್ಡಿಯ ಬುಡದಿಂದ ಸ್ವಲ್ಪ ಮೇಲೆ ಗಿಳಿಮರಿಯ ಕೊಕ್ಕಿನ ಹಾಗೆ ಏನೋ ಚೂಪಾಗಿತ್ತು.

"ಧೂಳಾ?"

"ಊದಿ ನೋಡು."

ಊದಿದಳು. ಹಾರಲಿಲ್ಲ. ಹಸಿರು! ಇನ್ನೊಂದು ಬದಿಯಲ್ಲಿ ಮತ್ತೊಂದು. ಅಷ್ಟರಲ್ಲಿ ಗ್ಯಾಲರಿಯ ಸರಳುಗಳ ಮೇಲೆ ಮೊದಲ ಹನಿಗಳು ಟಪಟಪ ಬಿದ್ದವು. ಸೇವಂತಿ ಸೊಂಟದಿಂದ ದೋಸೆ ಮಗುಚುವ ಸಟ್ಟುಗ ತೆಗೆದು ಅವನ ಕೈಗಿಟ್ಟಳು. ಅವಳು ಅದನ್ನು ಯಾವಾಗ ಸಿಕ್ಕಿಸಿಕೊಂಡಿದ್ದಳೋ!

ಮರುದಿನ ಭಾನುವಾರ. ಲಕ್ಷ್ಮವ್ವನಿಗೂ ಕರೆ ಹೋಗಿತ್ತು. ದೂಜ ಹೊಸ್ತಿಲು ದಾಟಿ, ಕಾವಲಿ ಕಾಯಿಸಿ, ನೀರು ಚಿಮುಕಿಸಿದ. ಚುಂಯ್! ಆ ಸದ್ದಿಗೆ ಅವನು ಹತ್ತು ವರ್ಷ ಚಿಕ್ಕವನಾದ. ಇತ್ತ ಸೇವಂತಿಗೆ ಕೂರಲು ಆಗುತ್ತಿಲ್ಲ. "ಉರಿ ಜಾಸ್ತಿ ಆಯ್ತು." "ತುಪ್ಪ ಆ ಡಬ್ಬದಲ್ಲಿ ಅಲ್ಲ." "ನಾನು ಚಟ್ನಿಗೆ ಒಗ್ಗರಣೆ..."

"ಕೈ ಮಡಿಲಲ್ಲಿರಲಿ," ಎಂದ ದೂಜ ತಿರುಗದೆಯೇ. "ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ನಿನಗೂ ಗೊತ್ತಾಗಲಿ."

ಮೊದಲ ದೋಸೆ ಸೀದಾ ಅವಳ ತಟ್ಟೆಗೆ ಬಿತ್ತು. ಮುರಿದರೆ ಕರ್ ಎಂದಿತು. ಸೇವಂತಿ ತಲೆಯೆತ್ತದೆ ತುತ್ತಿನ ಮೇಲೆ ತುತ್ತು ಬಾಯಿಗಿಟ್ಟಳು. ಆಮೇಲೆ ತಟ್ಟೆ ಮುಂದೆ ಚಾಚಿದಳು. "ಇನ್ನೊಂದು ಹಾಕಿ. ಇದು ಬೇಗ ಮುಗಿಯಿತು."

ನಾಲ್ಕು ದೋಸೆ ಮುಗಿಸಿ ಎದ್ದವಳಿಗೆ ಆ ಸಂತೋಷದಲ್ಲಿ ಏನಾದರೂ ಮಾಡಲೇಬೇಕೆನಿಸಿತು. ಚೊಂಬು ತುಂಬಿಸಿಕೊಂಡು ನೇರ ಅಂಜೂರದ ಹತ್ತಿರ ಹೋದಳು.

ಅಡುಗೆಮನೆಯಿಂದ ದೂಜ, ಚಾಪೆಯಿಂದ ಲಕ್ಷ್ಮವ್ವ, ಇಬ್ಬರೂ ಒಟ್ಟಿಗೇ ಕೂಗಿದರು: "ಬೆರಳು!"