ಬಟನ್ ಇಲ್ಲದ ಫೋನು

"ಹಲ್ಲುಜ್ಜಿದೆಯಾ? ಬ್ಯಾಗಿಗೆ ಪುಸ್ತಕ ಹಾಕ್ಕೋ," ಎಂದಿತು ಫೋನು, ವಿಚಾರಣೆ ಕಿಟಕಿಯಾಚೆ ಸೂಟ್‌ಕೇಸ್ ಹಿಡಿದು ನಿಂತಿದ್ದ ದಪ್ಪ ಮೀಸೆಯ ಗಂಡಸಿಗೆ.

ಬೇರೆ ಯಾರಿಗೋ ಹೇಳಿದ್ದಿರಬೇಕೆಂದು ಅವನು ಹಿಂದೆ ತಿರುಗಿ ನೋಡಿದ. ಸಾಲಿನಲ್ಲಿದ್ದ ಕಾಲೇಜು ಹುಡುಗಿಯರಿಬ್ಬರು ಕಿಸಕ್ಕನೆ ನಕ್ಕರು.

"ಮೇಡಂ, ನಾನು ಕೇಳಿದ್ದು ಹತ್ತೂವರೆ ಬಸ್ಸು ಹೋಯ್ತಾ, ಇದೆಯಾ ಅಂತ. ನನ್ನ ಹಲ್ಲಿನ ವಿಚಾರ ನಿಮಗ್ಯಾಕೆ?"

ಕಿಟಕಿಯೊಳಗೆ ಕೂತಿದ್ದ ಅವಳ ಮುಖಕ್ಕೆ ರಕ್ತ ನುಗ್ಗಿತು. ತೊಡೆಯ ಮೇಲಿದ್ದ ಹೊಸ ಫೋನಿನಲ್ಲಿ ಹೆಬ್ಬೆರಳು ಅಂದಾಜಿಗೆ ಎಲ್ಲೋ ಬಿದ್ದು, ಬೆಳಿಗ್ಗೆ ಮಗಳಿಗೆ ಹೇಳಿದ್ದ ಮಾತನ್ನೇ ಮತ್ತೆ ಹೇಳಿಸಿತ್ತು. ಅವಳು ತಲೆ ತಗ್ಗಿಸಿ ಅಕ್ಷರ ಹುಡುಕತೊಡಗಿದಳು. ಉತ್ತರ ಸಿದ್ಧವಾಗುವಷ್ಟರಲ್ಲಿ ಮೀಸೆಯವನು ಗೊಣಗುತ್ತಾ ಸೂಪರ್‌ವೈಸರ್ ಕೋಣೆಯ ಕಡೆ ನಡೆದಿದ್ದ.

ಗಂಟಲಿನ ಆಪರೇಷನ್ ಆಗಿ ದನಿ ಹೋದ ಮೇಲೆ ಮೊದಲ ತಿಂಗಳು ಅವಳು ಚೀಟಿ ಬರೆದು ಕೊಡುತ್ತಿದ್ದಳು. ಸಾಲು ಬಸ್ ನಿಲ್ದಾಣದ ಬಾಗಿಲಾಚೆಗೂ ಬೆಳೆಯುತ್ತಿತ್ತು. ಆಮೇಲೆ ಬಂದದ್ದು ಒಂದು ಬಟನ್ ಫೋನು. ಒತ್ತಿದ್ದನ್ನು ಅದು ಓದಿ ಹೇಳುತ್ತಿತ್ತು. ಪರದೆಯ ಕೆಳಗೆ ಅವರೆಕಾಳಿಗಿಂತ ಚಿಕ್ಕ ಬಟನ್‌ಗಳ ಮೂರು ಸಾಲು. ಒಂದು ವರ್ಷದಲ್ಲಿ ಹೆಬ್ಬೆರಳುಗಳು ಅವನ್ನೆಲ್ಲ ಬಾಯಿಪಾಠ ಮಾಡಿಕೊಂಡವು. ಕೈ ಕೌಂಟರಿನ ಕೆಳಗೆ, ಕಣ್ಣು ಎದುರಿನವರ ಮುಖದ ಮೇಲೆ. ಯಾರು ಬಸ್ಸು ತಪ್ಪಿಸಿಕೊಂಡು ಬಂದಿದ್ದಾರೆ, ಯಾರು ಆಸ್ಪತ್ರೆಗೆ ಹೊರಟಿದ್ದಾರೆ, ಯಾರಿಗೆ ಊರಿಗೆ ಹೋಗಲು ಮನಸ್ಸೇ ಇಲ್ಲ ಎಂಬುದೆಲ್ಲ ಮುಖದಲ್ಲೇ ಇರುತ್ತಿತ್ತು. ಆಸ್ಪತ್ರೆಯವರಿಗೆ ಬಸ್ಸಿನ ಹೊತ್ತಿನ ಜೊತೆಗೆ "ಗಾಬರಿ ಬೇಡ, ಸಮಯ ಇದೆ" ಎಂದೂ ಸೇರಿಸುತ್ತಿದ್ದಳು. ಅದು ಅವಳ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಅದಿಲ್ಲದೆ ಈ ಕೆಲಸವೇ ಯಾಕೆ?

ಹೋದ ವಾರ ಆ ಫೋನು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಡುಗೆಮನೆಯ ಕಟ್ಟೆಯ ಮೇಲೆ ಹಳೆ ಟವೆಲ್ ಹಾಸಿ ಎರಡು ಸಂಜೆ ಅದನ್ನು ಬಿಚ್ಚಿ ಜೋಡಿಸಿದ.

"ಎಂಜಿನ್ ಇಳಿಸಿ ಕೂರಿಸ್ತೀನಿ, ಇದರ ಮುಂದೆ ಸೋತೆ ಕಣೇ. ಅಂಗಡೀಲಿ ಕೇಳಿದ್ರೆ, ಬಟನ್ ಇರೋ ಇಂಥ ಫೋನು ಈಗ ಯಾರೂ ಮಾಡಲ್ಲ ಅಂತ ನಗ್ತಾರೆ."

ಹಾಗಾಗಿ ಈ ಗಾಜಿನ ಹಲಗೆ.

ಮಧ್ಯಾಹ್ನ ಸೂಪರ್‌ವೈಸರ್ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ಒರೆಸಿಕೊಳ್ಳುವ ಅಭ್ಯಾಸ.

"ಮೂರು ದಿನದಲ್ಲಿ ಏಳು ಕಂಪ್ಲೇಂಟು ಬಂತು ಮೇಡಂ. ಸೋಮವಾರ ನಾನೇ ಪಕ್ಕದಲ್ಲಿ ಕೂತು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಹಿಂದಿನ ಕಡತದ ರೂಮಿದೆ. ಫ್ಯಾನಿದೆ, ಜನರ ಕಾಟ ಇಲ್ಲ."

ಅವಳು ತಲೆ ತಗ್ಗಿಸಿ ಒಂದೊಂದೇ ಅಕ್ಷರ ಮುಟ್ಟಿದಳು. ಅವರು ಬಾಗಿಲು ದಾಟುವಾಗ ಫೋನು ಹೇಳಿತು: "ನನಗೆ ಜನರ ಕಾಟವೇ ಬೇಕು ಸಾರ್."

ಮನೆಯಲ್ಲಿ ಮಗಳು ಪಾಠ ಹೇಳಿಕೊಟ್ಟಳು. ಎಂಟನೇ ಕ್ಲಾಸು, ಮೇಷ್ಟರ ಗತ್ತು.

"ಅಮ್ಮಾ, ಹಾಗೆ ಗುದ್ದಬೇಡ. ಮುಟ್ಟಿದ್ರೆ ಸಾಕು. ಇದೇನು ಹಿಟ್ಟು ನಾದ್ತಿದೀಯಾ?"

"ನನ್ನ ಬೆರಳಿನ ಕಣ್ಣು ಹೋಗಿದೆ," ಎಂದು ಒತ್ತಿದಳು ತಾಯಿ.

"ಹಾಗಾದ್ರೆ ನೋಡ್ಕೊಂಡೇ ಒತ್ತು. ನಾವೆಲ್ಲ ಹಾಗೇ ತಾನೇ ಮಾಡೋದು?"

ಅವಳು ನೋಡಿಕೊಂಡೇ ಒತ್ತಿದಳು. ಉದ್ದನೆಯ ವಾಕ್ಯ, ಹೇಳಲೇಬೇಕಾದದ್ದು. ಮುಗಿಸಿ ತಲೆ ಎತ್ತಿದಾಗ ಮಗಳು ಮುಖ ತೊಳೆಯಲು ಎದ್ದುಹೋಗಿದ್ದಳು. ಫೋನು ಖಾಲಿ ಕುರ್ಚಿಗೆ ಉತ್ತರ ಹೇಳಿತು. ಅವಳು ಅದನ್ನು ಮಗುಚಿಟ್ಟು, ಒಣಗಿದ ಬಟ್ಟೆ ಮಡಚಲು ಕೂತಳು. ಮಡಚುವಾಗ ಹೆಬ್ಬೆರಳುಗಳು ತಮ್ಮಷ್ಟಕ್ಕೆ ದಿಂಬಿನ ಚೀಲದ ಮೇಲೆ ಆ ಮೂರು ಸಾಲುಗಳನ್ನು ಹುಡುಕುತ್ತಿದ್ದವು.

ಸೋಮವಾರ ಸೂಪರ್‌ವೈಸರ್ ಸ್ಟೂಲು ತಂದು ಪಕ್ಕದಲ್ಲಿ ಕೂತರು. ಮೊದಲ ಅರ್ಧ ಗಂಟೆಗೇ ಸಾಲು ನೀರಿನ ನಲ್ಲಿಯವರೆಗೆ ಹೋಯಿತು. ಅವರು ಕನ್ನಡಕ ತೆಗೆದರು.

ಆಗ ಕಿಟಕಿಗೆ ಬಂದದ್ದು ಕೈಚೀಲ ಎದೆಗವುಚಿಕೊಂಡ ಮುದುಕರೊಬ್ಬರು. ಕಡಲತೀರದ ಬಸ್ಸು ಕೇಳಿದರು, ಗೋಡೆಗೆಲ್ಲ ಕೇಳುವಷ್ಟು ಜೋರಾಗಿ. ಅವಳು ಬೆರಳಾಡಿಸಿದಳು. "ಹನ್ನೊಂದು ಇಪ್ಪತ್ತಕ್ಕೆ. ಎಂಟನೇ ಪ್ಲಾಟ್‌ಫಾರಂ," ಎಂದಿತು ಫೋನು.

"ಆಂ?"

ದನಿ ಏರಿಸಿದಳು. ಫೋನು ಕಿರುಚಿತು. ಮುದುಕರು ಕಿವಿಗೆ ಕೈ ಅಡ್ಡ ಹಿಡಿದು ತಲೆಯಾಡಿಸಿದರು. ಸಾಲಿನಲ್ಲಿ ಯಾರೋ "ಇವತ್ತಿಗೆ ಆಯ್ತು ಬಿಡಿ" ಎಂದರು. ಬೇರೆ ದಾರಿ ತೋಚದೆ ಅವಳು ಅಕ್ಷರಗಳನ್ನು ದಪ್ಪ ಮಾಡಿ, ಗಾಜಿನ ಕೆಳಗಿನ ಕಂಡಿಯಿಂದ ಫೋನನ್ನೇ ಆಚೆಗೆ ತಳ್ಳಿದಳು.

ಮುದುಕರು ಓದಿದರು. ಫೋನನ್ನೂ ಅವಳನ್ನೂ ಬಾರಿ ಬಾರಿ ನೋಡಿದರು. ಅವರ ಮುಖ ಅರಳಿತು.

"ಓಹೋ! ನಿನಗೂ ಕಿವಿ ಕೇಳಿಸಲ್ವೇನಮ್ಮಾ? ಮೊದ್ಲೇ ಹೇಳೋದಲ್ವಾ, ಸುಮ್ನೆ ಕೂಗಿದೆ."

ಅವರು ಕೈಚೀಲ ಕೆಳಗಿಟ್ಟು, ತೋರುಬೆರಳೊಂದನ್ನು ನೆಟ್ಟಗೆ ಮಾಡಿಕೊಂಡು, ಉತ್ತರ ಬರೆಯಲು ನಿಂತರು.

"ಅಜ್ಜಾ, ಅವರಿಗೆ ಕಿವಿ ಕೇಳಿಸುತ್ತೆ, ದನಿ..." ಎಂದು ಸೂಪರ್‌ವೈಸರ್ ಶುರುಮಾಡಿದರು. ಅವಳು ಕೈ ಎತ್ತಿ ತಡೆದಳು.

ಮುದುಕರ ಬೆರಳು ಗಾಜಿನ ಮೇಲೆ ಅಲೆದಾಡಿತು. ಸಿಕ್ಕಿದ ಅಕ್ಷರಕ್ಕೆ ಹುಬ್ಬು ಏರುತ್ತಿತ್ತು, ಸಿಗದ ಅಕ್ಷರಕ್ಕೆ ನಾಲಿಗೆಯ ತುದಿ ಹೊರಬರುತ್ತಿತ್ತು. ಕೊನೆಗೆ ಎಲ್ಲೋ ಏನೋ ಒತ್ತಿದರು. "ಮೆಟ್ಟಿಲು ಹತ್ತಬೇಕಾ? ನನಗೆ ಮಂಡಿ ನೋವು," ಎಂದು ಫೋನು ಹೆಂಗಸಿನ ದನಿಯಲ್ಲಿ ಇಡೀ ನಿಲ್ದಾಣಕ್ಕೆ ಸಾರಿತು. ಸಾಲು ನಕ್ಕಿತು. ಅವರಿಗೆ ಮಾತ್ರ ಕೇಳಿಸಲಿಲ್ಲ.

ಅವಳು ಬರೆದಳು: ಬೇಡ, ಎಡಕ್ಕೆ ಹೋಗಿ, ಇಳಿಜಾರಿದೆ. ಫೋನು ಆಚೆ ಹೋಯಿತು, ಮುದುಕರ ಉತ್ತರ ಹೊತ್ತು ಮತ್ತೆ ಈಚೆ ಬಂತು. "ನಿನ್ನ ಬೆರಳೂ ನನ್ನ ಹಾಗೇ ನಿಧಾನ." ಅವಳು ದನಿಯಿಲ್ಲದೆ, ಹೆಗಲು ಕುಣಿಯುವಂತೆ ನಕ್ಕಳು. ಮುದುಕರೂ ನಕ್ಕು, ಕೈಚೀಲ ಎತ್ತಿಕೊಂಡು ಎಡಕ್ಕೆ ಹೊರಟರು.

ಹಿಂದಿದ್ದ ಹೆಂಗಸು ಬಾಯಿ ತೆರೆಯಲಿಲ್ಲ. ಅಷ್ಟರಲ್ಲೇ ತನ್ನ ಫೋನಿನಲ್ಲಿ ಪ್ರಶ್ನೆ ಬರೆದುಕೊಂಡಿದ್ದವಳು ಅದನ್ನು ಗಾಜಿಗೆ ಹಿಡಿದಳು. ಓದಲು ಒಂದು ಕ್ಷಣ ಸಾಕಾಯಿತು. ಕಿಟಕಿಯೊಳಗಿನವಳು ನಾಲ್ಕು ಬೆರಳು ತೋರಿಸಿ, ಗಡಿಯಾರದ ಕಡೆ ಕೈ ಮಾಡಿದಳು. ಹೆಂಗಸು ಹೊರಟುಹೋದಳು.

"ಬರೆದು ತೋರಿಸ್ಬೇಕಂತೆ," ಎಂದು ಯಾರೋ ಹಿಂದಿನವರಿಗೆ ಹೇಳಿದರು.

"ಏನಂತೆ?"

"ಬರೆದು ರೆಡಿ ಇಟ್ಕೋಬೇಕಂತೆ ಕಣ್ರೀ. ಪಾಪ, ಕಿವಿ ಕೇಳಿಸಲ್ವಂತೆ."

ಸುದ್ದಿ ನಲ್ಲಿಯವರೆಗೂ ಹೋಯಿತು. ಸೂಪರ್‌ವೈಸರ್ ಇನ್ನೊಮ್ಮೆ ಬಾಯಿ ತೆರೆದರು, ಸಾಲು ಮುಂದೆ ಸರಿಯುತ್ತಿರುವುದನ್ನು ನೋಡಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಸ್ಟೂಲು ಎತ್ತಿಕೊಂಡು ಎದ್ದರು.

"ಆ ಫೋನಿಗೊಂದು ಸ್ಟ್ಯಾಂಡ್ ಬೇಕಾಗುತ್ತೆ, ಅಲ್ವಾ ಮೇಡಂ? ನಾಳೆ ಬಡಗಿಗೆ ಹೇಳ್ತೀನಿ."

ಅವಳು ತಲೆಯಾಡಿಸಿದಳು. ಕಿಟಕಿಯಿಂದ ನಲ್ಲಿಯವರೆಗೆ ಎಲ್ಲರೂ ತಲೆ ತಗ್ಗಿಸಿ ಅಕ್ಷರ ಹುಡುಕುತ್ತಿದ್ದರು. ಒಬ್ಬನ ಹಣೆಯಲ್ಲಿ ಗಂಟು, ಒಬ್ಬಳ ತುಟಿ ಪದಗಳನ್ನು ಮೆಲ್ಲಗೆ ಆಡುತ್ತಿತ್ತು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ತಾಯಿ ಒಂದೇ ಹೆಬ್ಬೆರಳಲ್ಲಿ ಬರೆಯುತ್ತಿದ್ದಳು. ಅವಳ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪಿತ್ತು. ಆಸ್ಪತ್ರೆಗಿರಬೇಕು. ಇಷ್ಟೂ ಜನರಲ್ಲಿ ತಲೆ ಎತ್ತಿ ಕೂತವಳು ಕಿಟಕಿಯೊಳಗಿನ ಅವಳೊಬ್ಬಳೇ. ಆ ತಾಯಿಯ ಸರದಿ ಬರಲು ಇನ್ನೂ ಮೂವರಿದ್ದರು. ಅವಳು ಫೋನನ್ನು ಮುಂದಕ್ಕೆಳೆದುಕೊಂಡು, "ಗಾಬರಿ ಬೇಡ" ಎಂದು ಈಗಲೇ ಬರೆಯಲು ಶುರುಮಾಡಿದಳು.