ಕೆಂಪು ಗಿಟಾರಿನವನಿಗೆ ಒಂದು ಎಡೆ

ಪಾರ್ಶ್ವನಾಥನ ರಾತ್ರಿಯೂಟ ಸಂಜೆ ಆರೂಕಾಲಿಗೆಲ್ಲ ಮುಗಿದುಬಿಡುತ್ತಿತ್ತು. ಹೊತ್ತು ಮುಳುಗುವ ಮುಂಚೆ ಉಣ್ಣುವ ಜೈನ ಮನೆತನ. ಅದರ ಬಗ್ಗೆ ಅವನ ತಕರಾರೇನೂ ಇರಲಿಲ್ಲ. ತಕರಾರೆಲ್ಲ ಊಟವಾದ ಮೇಲಿನ ಹೊತ್ತಿನದು. ತಟ್ಟೆ ತೊಳೆದಿಟ್ಟು ಕೈ ಒರೆಸಿಕೊಂಡರೆ ನಿದ್ದೆಗೆ ಇನ್ನೂ ನಾಲ್ಕು ತಾಸು ಬಾಕಿ. ಹೆಂಡತಿ ಕಾಂತಾ ಇದ್ದಾಗ ಆ ನಾಲ್ಕು ತಾಸು ಎಲ್ಲಿ ಹೋಗುತ್ತಿತ್ತೋ ಗೊತ್ತೇ ಆಗುತ್ತಿರಲಿಲ್ಲ. ಅವಳು ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಶಿವಬಸವ ನಗರದ ಆ ಮನೆಯ ಕೆಳಗಿನ ಅಂತಸ್ತಿನಲ್ಲಿ ಅಣ್ಣನ ಮಗ ಮತ್ತು ಅವನ ಹೆಂಡತಿ ಪೂನಮ. ಮೇಲಿನ ಅಂತಸ್ತಿನಲ್ಲಿ ಇವನು, ಮತ್ತು ಇವನ ಮೂರು ಗಿಟಾರು.

ಮೂರೂ ಕರೆಂಟಿನ ಗಿಟಾರು. ಹೊಟ್ಟೆಯ ನಡುವೆ ಗಟ್ಟಿ ಮರ, ಎರಡೂ ಮಗ್ಗುಲು ಪೊಳ್ಳು, ಪಿಟೀಲಿಗೆ ಇರುವಂತೆ ಎದೆಯ ಮೇಲೆ ಎರಡು ಬಳುಕಿದ ಸೀಳು. ಮೂರರಲ್ಲಿ ಅವನ ಜೀವವಿದ್ದದ್ದು ಕೆಂಪು ಗಿಟಾರಿನ ಮೇಲೆ. ಅದು ಹೊಚ್ಚ ಹೊಸದು, ಆದರೆ ನೋಡಿದವರು ಐವತ್ತು ವರ್ಷದ ಹಳೆಯದೆಂದೇ ಹೇಳಬೇಕು. ಅಮೆರಿಕದ ಆ ಫ್ಯಾಕ್ಟರಿಯಲ್ಲಿ ಹೊಸ ಗಿಟಾರನ್ನು ಹಳೆಯದು ಮಾಡಲೆಂದೇ ಒಂದು ವಿಭಾಗವಿದೆ. ಅಲ್ಲಿಯ ಕುಶಲಕರ್ಮಿಗಳು ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕು ಬರಿಸುತ್ತಾರೆ, ನುಡಿಸುವವನ ಮುಂಗೈ ಒರಗುವಲ್ಲಿ ಬಣ್ಣ ತೇಯುತ್ತಾರೆ, ಬೆನ್ನಿಗೆ ಬೆಲ್ಟಿನ ಬಕ್ಕಲ್ಲು ಉಜ್ಜಿದಂತೆ ಗೀರೆಳೆಯುತ್ತಾರೆ, ಕತ್ತಿನ ಹಿಂದೆ ಹೆಬ್ಬೆರಳು ಕೂರುವ ಜಾಗವನ್ನು ಮರ ಕಾಣುವ ತನಕ ಸವೆಸುತ್ತಾರೆ. ಥಳಥಳ ಹೊಳೆಯುವ ಗಿಟಾರಿಗಿಂತ ಹೀಗೆ ಗೀರಿದ್ದಕ್ಕೇ ಬೆಲೆ ಹೆಚ್ಚು.

“ಕಾಕಾ, ನಮ್ಮವ್ರು ಹರಕ ಜೀನ್ಸ್ ತಂದಾಗ ಮನಿ ತಲಿ ಮ್ಯಾಲೆ ಹೊತ್ತಿದ್ರಿ. ಈಗ ನಿಮ್ದೇನ್ರೀ ಇದು?” ಎಂದು ಪೂನಮ ನಕ್ಕಿದ್ದಳು. ಅವಳು ಕೇಳಿದ್ದು ಸುಳ್ಳಲ್ಲ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಪಾಲುದಾರನಾಗಿದ್ದ ಪಾರ್ಶ್ವನಾಥ, ತಪಾಸಣೆಯ ಮೇಜನ್ನು ಮೂವತ್ತು ವರ್ಷ ಬೇರೆ ಯಾರಿಗೂ ಬಿಟ್ಟುಕೊಟ್ಟವನಲ್ಲ. ಎರಕದ ಮೇಲೆ ಉಗುರಿಗೆ ತಗಲುವಷ್ಟು ಗೀರು ಕಂಡರೂ ಕೆಂಪು ಬಣ್ಣ ಬಳಿದು ಮೂಲೆಗೆ ಹಾಕಿಸುತ್ತಿದ್ದ. ಕೆಲಸಗಾರರು ಬೆನ್ನ ಹಿಂದೆ ಹಲ್ಲು ಕಡಿಯುತ್ತಿದ್ದರು. ಅಂಥವನು ಈಗ ತಪಾಸಣೆಯ ಅದೇ ಭೂತಗನ್ನಡಿ ಹಿಡಿದು ಕೂತು, ದುಡ್ಡು ಕೊಟ್ಟು ತಂದ ಗೀರುಗಳನ್ನು ಒಂದೊಂದಾಗಿ ಮೆಚ್ಚುತ್ತಿದ್ದ. ಮನುಷ್ಯನ ತಲೆಯೊಳಗೆ ಯಾವಾಗ ಏನು ಹೊಗುತ್ತದೋ ಹೇಳಲು ಬರುವುದಿಲ್ಲ.

ನುಡಿಸಲು ಅವನಿಗೆ ಬರುತ್ತಿರಲಿಲ್ಲ. ಮೊಬೈಲು ನೋಡಿ ತಂತಿ ಒತ್ತುವ ಮೂರು ಪಟ್ಟು ಕಲಿತಿದ್ದ; ನಾಲ್ಕನೆಯದಕ್ಕೆ ಬೆರಳು ಬಗ್ಗಲಿಲ್ಲ, ಬಿಟ್ಟ. ಅವನಿಗೆ ಬೇಕಿದ್ದದ್ದು ನೋಡುವುದು. ಆದರೆ ಒಂದು ಚೆಂದದ ವಸ್ತುವನ್ನು ದಿನಾ ಒಬ್ಬನೇ ನೋಡುವ ಕಷ್ಟವಿದೆಯಲ್ಲ, ಅದನ್ನು ಅನುಭವಿಸಿದವರೇ ಹೇಳಬೇಕು. ಕೆಳಗೆ ಕುಕ್ಕರು ಸೀಟಿ ಹೊಡೆಯುತ್ತದೆ, ಟೀವಿಯಲ್ಲಿ ಯಾರೋ ನಗುತ್ತಾರೆ, ಮೇಲೆ ಇವನು ಗಿಟಾರನ್ನು ದೀಪಕ್ಕೆ ಹಿಡಿದು ಹೊರಳಿಸುತ್ತಾನೆ. “ಇಲ್ಲಿ ನೋಡು” ಎಂದು ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯುತ್ತದೆ.

ಬಸಲಿಂಗಪ್ಪ ಸಿಕ್ಕಿದ್ದು ಮೇ ತಿಂಗಳಲ್ಲಿ, ಊರಿನ ಕ್ಯಾಂಪ್ ಭಾಗದ ಒಂದು ವಾದ್ಯ ರಿಪೇರಿ ಅಂಗಡಿಯಲ್ಲಿ. ಪಾರ್ಶ್ವನಾಥ ತಂತಿ ಬದಲಿಸಲು ಹೋಗಿದ್ದ. ಎಪ್ಪತ್ತರ ಹತ್ತಿರದ ಮುದುಕನೊಬ್ಬ ತನ್ನ ಹಳೆಯ ಗಿಟಾರನ್ನು ಮಾರಲು ತಂದು ಬೆಂಚಿನ ಮೇಲೆ ಕೂತಿದ್ದ. ಖಾನಾಪುರದವನು, ಒಂದು ಕಾಲಕ್ಕೆ ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಗಿಟಾರು ಹಿಡಿದು, ಗಣಪತಿ ಕೂರಿಸಿದ ಊರೂರು ತಿರುಗಿದವನು. ಹಿಂದಿನ ವರ್ಷ ಲಕ್ವಾ ಹೊಡೆದು ಎಡಗೈಯ ಬೆರಳು ಸೆಟೆದಿದ್ದವು. ಪೆಟ್ಟಿಗೆಯಿಂದ ಕೆಂಪು ಗಿಟಾರು ಹೊರಬಂದದ್ದೇ ಅವನು ಎದ್ದು ಬಂದ, ಕೇಳದೆ ಕೈಗೆತ್ತಿಕೊಂಡ, ಸೆಟೆದ ಕೈಯ ಹೆಬ್ಬೆರಳನ್ನು ಆ ಸವೆದ ಜಾಗದಲ್ಲಿ ಇಟ್ಟು ಸುಮ್ಮನೆ ನಿಂತುಬಿಟ್ಟ.

“ಯಾರದ್ರೀ ಇದು?” ಎಂದು ಕೇಳಿದ. ಪಾರ್ಶ್ವನಾಥನ ಬೆರಳ ತುದಿ ತಂತಿ ಒತ್ತಿ ಒರಟಾಗದೆ ಮೆತ್ತಗಿದ್ದದ್ದನ್ನು ಅವನು ಆಗಲೇ ನೋಡಿಯಾಗಿತ್ತು; ಇದನ್ನು ನುಡಿಸಿ ಸವೆಸಿದವನು ಇವನೆಂದು ಒಂದು ಗಳಿಗೆಯೂ ಎಣಿಸಲಿಲ್ಲ.

“ಗೊತ್ತಿಲ್ರೀ. ಮುಂಬಯಿಂದ ತರಿಸೀನಿ,” ಎಂದ ಪಾರ್ಶ್ವನಾಥ.

ಮುಂಬಯಿಯಿಂದ ತರಿಸಿದ್ದು ಖರೆ. ಉಳಿದದ್ದನ್ನು ಹೇಳಲು ನಾಲಿಗೆ ಏಳಲಿಲ್ಲ. ಹೇಳಿದರೆ ಈ ಮುದುಕ ಗಿಟಾರನ್ನು ಕೆಳಗಿಟ್ಟುಬಿಡುತ್ತಾನೆ ಎಂದು ಅವನಿಗೆ ಯಾಕೋ ಅನಿಸಿತು.

ಅಲ್ಲಿಂದ ಗುರುವಾರಗಳು ಶುರುವಾದವು. ಪ್ರತಿ ಗುರುವಾರ ಬಸಲಿಂಗಪ್ಪ ಕೈಯ ವ್ಯಾಯಾಮಕ್ಕೆಂದು ಖಾನಾಪುರದಿಂದ ಬಸ್ಸು ಹಿಡಿದು ಆಸ್ಪತ್ರೆಗೆ ಬರುತ್ತಿದ್ದ. ಅದು ಮುಗಿಸಿ ಮೂರು ಗಂಟೆಗೆ ಶಿವಬಸವ ನಗರದ ಮೆಟ್ಟಿಲು ಹತ್ತುತ್ತಿದ್ದ. ಪಾರ್ಶ್ವನಾಥ ಎರಡೂವರೆಯಿಂದಲೇ ರಸ್ತೆ ಕಾಣುವ ಗ್ಯಾಲರಿಯಲ್ಲಿ ನಿಂತಿರುತ್ತಿದ್ದ. ಚಹಾ ಆಗುತ್ತಿತ್ತು. ಆಮೇಲೆ ಬಸಲಿಂಗಪ್ಪ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಲು ಕೂರುತ್ತಿದ್ದ. ಅದನ್ನು ಓದುವುದೆಂದೇ ಹೇಳಬೇಕು.

“ಇಂವಾ ಎತ್ತರ ಆಳ್ರೀ ಸಾಹೇಬ್ರ. ಮುಂಗೈ ಎಲ್ಲಿ ತಾಗೇತಿ ನೋಡ್ರಿ. ಮತ್ತ ನಿಂತ ನುಡಸಾಂವ. ಕುಂತ ನುಡಿಸಿದ್ರ ಬೆನ್ನಿಗೆ ಇಷ್ಟು ಗೀರ ಬೀಳಂಗಿಲ್ಲ. ಇದು ಬೆಲ್ಟಿನ ಬಕ್ಕಲ್ಲಿಂದು. ಶೋಕಿ ಇತ್ತಂತೀನಿ ಮಗಾಗ.”

“ಮಾತಿನ ಮಲ್ಲ ಇದ್ನೋ ಏನು?”

“ಛೇ ಛೇ. ಇಷ್ಟು ಹೆಬ್ಬೆಟ್ಟ ಒತ್ತಾಂವ ಎಲ್ಲಿ ಮಾತಾಡ್ತಾನ್ರೀ? ಎಲ್ಲಾ ಒಳಗ ಇಟ್ಕೊಂಡಾಂವ.”

ಮುಂದಿನ ವಾರ ಬರುವಾಗ ಅವನು ಹೆಂಡತಿ ಭರಮವ್ವನ ಪ್ರಶ್ನೆಗಳನ್ನೂ ಹೊತ್ತು ತರುತ್ತಿದ್ದ. ಆ ಮನುಷ್ಯನಿಗೆ ಮದುವೆಯಾಗಿತ್ತೋ ಇಲ್ಲವೋ? ಮಕ್ಕಳಿದ್ದರೆ ತೀರಿಹೋದ ಅಪ್ಪನ ಗಿಟಾರು ಮಾರುತ್ತಿದ್ದರೇ? ಇಬ್ಬರೂ ತಲೆಗೆ ತಲೆ ಕೊಟ್ಟು ಕೂತು ಯೋಚಿಸುತ್ತಿದ್ದರು. ಪಾರ್ಶ್ವನಾಥನಿಗೆ ಮೊದಮೊದಲು ಅಳುಕಾಗುತ್ತಿತ್ತು. ಪೆಟ್ಟಿಗೆಯ ಜೇಬಿನಲ್ಲಿ ಫ್ಯಾಕ್ಟರಿಯ ಕಾಗದವಿತ್ತು. ನೂರು ಗಿಟಾರುಗಳಲ್ಲಿ ಇದು ಮೂವತ್ತೇಳನೆಯದೆಂದು ಅದರಲ್ಲಿ ಬರೆದಿತ್ತು. ಅದನ್ನು ತೆಗೆದು ಬೀರುವಿನಲ್ಲಿ ಬಟ್ಟೆಯ ಅಡಿಗೆ ತುರುಕಿದ. ಬರಬರುತ್ತ ಅಳುಕೂ ಹೋಯಿತು. ಜುಲೈ ತಿಂಗಳ ಒಂದು ಗುರುವಾರ, ಯಾರೂ ಕೇಳದಿದ್ದರೂ ಅವನೇ ಗಿಟಾರಿನ ತಲೆಯ ಮೇಲಿನ ಸಣ್ಣ ಸುಟ್ಟ ಕಲೆ ತೋರಿಸಿ, “ಸಿಗರೇಟ್ ಸೇದತಿದ್ದ ಕಾಣಸ್ತೈತಿ. ತಂತ್ಯಾಗ ಸಿಗಿಸಿ ಇಟ್ಟ ಮರತಿರಬೇಕು,” ಎಂದುಬಿಟ್ಟ. ಬಸಲಿಂಗಪ್ಪ ಕಲೆಯನ್ನು ಮೂಸಿ ನೋಡಿದ, ಇವನ ಬೆನ್ನು ತಟ್ಟಿದ. ಅವತ್ತು ಆರೂಕಾಲಿಗೆ ಉಂಡ ಮೇಲೂ ಪಾರ್ಶ್ವನಾಥನಿಗೆ ಮನೆ ಖಾಲಿ ಅನಿಸಲಿಲ್ಲ. ಆ ಎತ್ತರದ, ಮಾತಿಲ್ಲದ, ಸಿಗರೇಟು ಸೇದುವ ಮನುಷ್ಯ ಅಲ್ಲೇ ಎಲ್ಲೋ ಗ್ಯಾಲರಿಯಲ್ಲಿ ನಿಂತಂತಿತ್ತು.

ಭಾದ್ರಪದ ಮುಗಿಯುತ್ತ, ತೀರಿದ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ ಹತ್ತಿರ ಬಂದಾಗ ಬಸಲಿಂಗಪ್ಪ ಊಟಕ್ಕೆ ಕರೆದ. “ಹಿರೇರ ಅಮಾಸಿಗೆ ನಮ್ಮ ಮನಿಗೆ ಊಟಕ್ಕ ಬರ್ರಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಂಗಿಲ್ರೀ, ಹೊತ್ತ ಇರತನಾನ ಉಣಸ್ತೇವಿ. ಮತ್ತ ಗಿಟಾರ ತರ್ರಿ. ಭರಮವ್ವಗ ನೋಡಬೇಕಂತ.”

ಕಾಂತಾ ಹೋದ ಮೇಲೆ ಪಾರ್ಶ್ವನಾಥನನ್ನು ಹೀಗೆ ಮನೆಗೆ ಕರೆದವರು ಯಾರೂ ಇರಲಿಲ್ಲ. ಅಂಗಿಗೆ ಇಸ್ತ್ರಿ ಹಾಕಿಸಿದ. ಬಸ್ಸಿನಲ್ಲಿ ಗಿಟಾರಿನ ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಕೂರಿಸಿ ತಾನು ಈಚೆ ಕೂತ. ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸಲಿಂಗಪ್ಪ ಛತ್ರಿ ಹಿಡಿದು ಕಾಯುತ್ತಿದ್ದ.

ಹೆಂಚಿನ ಸಣ್ಣ ಮನೆ. ಪಡಸಾಲೆಯ ಗೋಡೆಗೆ ಹೋದ ಹಿರಿಯರ ಮೂರು ಫೋಟೋ, ಅವಕ್ಕೆ ಹೂವು, ವಿಭೂತಿ. ಕೆಳಗೆ ಬಾಳೆಲೆಯ ಮೇಲೆ ಎಡೆ ಬಡಿಸಿತ್ತು: ಹೋಳಿಗೆ, ಕಡುಬು, ಅನ್ನ, ಬದನೆಕಾಯಿ ಪಲ್ಯ. ಪಾರ್ಶ್ವನಾಥ ಕೈ ಮುಗಿಯಲು ಬಗ್ಗಿದವನು ಎಲೆಗಳನ್ನು ಎಣಿಸಿದ. ಫೋಟೋ ಮೂರು, ಎಲೆ ನಾಲ್ಕು. ನಾಲ್ಕನೆಯದರ ಹಿಂದೆ ಗೋಡೆ ಬರಿದಾಗಿತ್ತು; ಒಂದು ಮಣೆ, ಅದರ ಮೇಲೆ ಮಡಿಕೆ ಬಿಚ್ಚದ ಬಿಳಿ ಟವೆಲು.

“ಗಿಟಾರ ಅಲ್ಲೆ ಮಣಿ ಮ್ಯಾಲೆ ಆನಿಸಿ ಇಡ್ರಿ ಯಣ್ಣಾ,” ಎಂದಳು ಭರಮವ್ವ. “ಅದನ್ನ ನುಡಿಸಿದಾಂವನ ಫೋಟೋ ಇಲ್ಲಲ್ಲ ನಮ್ಮ ಕಡೆ. ಅಂವಗ ಮನಿಯಾಗ ಎಡಿ ಇಡಾವ್ರು ಅದಾರೋ ಇಲ್ಲೋ ಯಾರಿಗ್ಗೊತ್ತು? ಇಷ್ಟ ದಿನಾ ನಮ್ಮ ಮನ್ಯಾಗ ಅಂವಂದ ಮಾತ ಆಗೇತಿ. ಒಂದ ಎಲಿ ಹೆಚ್ಚಾದ್ರ ನಮಗೇನು ಭಾರ?”

ಬಸಲಿಂಗಪ್ಪ ತಾನೇ ಪೆಟ್ಟಿಗೆ ತೆಗೆದು ಗಿಟಾರನ್ನು ಗೋಡೆಗೆ ಆನಿಸಿದ. ಭರಮವ್ವ ಅದಕ್ಕೂ ಒಂದು ಹೂವು ಇಟ್ಟಳು, ಊದಿನಕಡ್ಡಿ ಹಚ್ಚಿದಳು. ಮೂವರು ಹಿರಿಯರ ಹೆಸರನ್ನು ಒಂದೊಂದಾಗಿ ಹೇಳಿ ಕೈ ಮುಗಿದಳು. ನಾಲ್ಕನೆಯ ಎಲೆಯ ಮುಂದೆ ಬಂದು ನಿಂತು ಪಾರ್ಶ್ವನಾಥನ ಕಡೆ ತಿರುಗಿದಳು.

“ಮಾರಿದಾವ್ರು ಹೆಸರ ಹೇಳಿರಬೇಕಲ್ಲ, ಹೇಳ್ರಿ ಯಣ್ಣಾ. ಹೆಸರ ತಗೊಂಡ ಕರದ್ರನ ಬರ್ತಾರ.”

ಯಾವುದೋ ಒಂದು ಹೆಸರು ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೋಳಿಗೆ ಉಂಡು, ಗುರುವಾರಗಳನ್ನು ಹಾಗೇ ಉಳಿಸಿಕೊಂಡು ಊರಿಗೆ ಮರಳಬಹುದಿತ್ತು. ಪಾರ್ಶ್ವನಾಥ ಬಾಯಿ ತೆರೆದದ್ದೂ ಸುಳ್ಳು ಹೇಳಲೆಂದೇ. ಆದರೆ ಆ ಹೆಂಗಸು ಬೆಳಗಿನಿಂದ ಉಪವಾಸವಿದ್ದು ಬೇಯಿಸಿದ ಅನ್ನ ಎಲೆಯ ಮೇಲೆ ಹಬೆಯಾಡುತ್ತಿತ್ತು. ಅವನಿಂದ ಆಗಲಿಲ್ಲ.

“ಅಕ್ಕಾರ, ಅಂಥಾಂವ ಯಾರೂ ಇಲ್ರೀ.”

“ಇಲ್ಲಂತನ ಎಡಿ ಇಡಾಕತ್ತೇವಿ.”

“ಹಂಗಲ್ರೀ. ಹುಟ್ಟೇ ಇಲ್ಲ ಅಂವಾ. ಇದು ಹೊಸಾ ಗಿಟಾರ. ಫ್ಯಾಕ್ಟರ್ಯಾಗ ಪಾಲಿಶ್ ಪೇಪರ್ ತಿಕ್ಕಿ, ಬ್ಲೇಡಿಲೆ ಕೆರದು ಹಿಂಗ ಮಾಡಿ ಮಾರ್ತಾರ. ಇಂಥಾವ ನೂರ ಅದಾವು. ನನಗ ಮದಲಿಂದ ಗೊತ್ತಿತ್ತು.”

ಬಸಲಿಂಗಪ್ಪ ಗಿಟಾರಿನ ಎದುರು ಕುಕ್ಕರುಗಾಲಲ್ಲಿ ಕೂತಿದ್ದವನು ಹಾಗೆಯೇ ಕೇಳಿದ.

“ಬೆನ್ನಿಂದು? ಬೆಲ್ಟಿನ ಗೀರು?”

“ಅವ್ರ ಮಾಡಿದ್ದು.”

“ಹೆಬ್ಬೆಟ್ಟಿಂದು?”

“ಅದೂ ಅವ್ರ ಮಾಡಿದ್ದರೀ.”

“ಸಿಗರೇಟಿಂದು ನೀವ ತೋರಿಸಿದ್ರಲ್ಲಾ ಸಾಹೇಬ್ರ.”

ಪಾರ್ಶ್ವನಾಥ ನಾಚಿಕೆಯಿಂದ ತಲೆ ತಗ್ಗಿಸಿದ. ಬಸಲಿಂಗಪ್ಪ ತನ್ನ ಸೆಟೆದ ಎಡಗೈಯನ್ನು ಬಲಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡ.

“ಹಂಗಾರ ಇಷ್ಟ ದಿನಾ ಅಲ್ಲೆ ಯಾರೂ ಇದ್ದಿಲ್ಲ,” ಎಂದ. ಬೈದಂತೆ ಇರಲಿಲ್ಲ. ಕೇಳಿದಂತೆಯೂ ಇರಲಿಲ್ಲ.

ಪಾರ್ಶ್ವನಾಥ ಎಲೆ ತೆಗೆಯಲು ಮುಂದಾದ. ಭರಮವ್ವ ತಡೆದಳು. “ಬ್ಯಾಡ್ರೀ. ಒಮ್ಮೆ ಇಟ್ಟ ಎಡಿ ತಗ್ಯಾಕ ಬರಂಗಿಲ್ಲ. ಇರ್ಲಿ.” ಅವಳು ಆ ಎಲೆಯ ಮುಂದೆ ಒಂದು ಗಳಿಗೆ ನಿಂತಳು. ಕರೆಯಲು ಹೆಸರಿಲ್ಲದೆ, ಬರಿದೇ ಕೈ ಮುಗಿದು ಒಳಗೆ ಹೋದಳು. ಆಮೇಲೆ ಅವನನ್ನು ಕೂರಿಸಿ, ತುಪ್ಪ ಸುರಿದು, ಒಲ್ಲೆನೆಂದರೂ ಎರಡನೇ ಹೋಳಿಗೆ ಹಾಕಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಬಹಳ ಮರ್ಯಾದೆಯಿಂದ ನಡೆದುಕೊಂಡರು. ಮರ್ಯಾದೆ ಅಷ್ಟಾದದ್ದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಅದರ ಮುಂದಿನ ಗುರುವಾರ ಪಾರ್ಶ್ವನಾಥ ಎರಡು ಗಂಟೆಗೇ ಗ್ಯಾಲರಿಗೆ ಬಂದು ನಿಂತ. ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ನಿಂತ. ಮೂರೂ ಹತ್ತಾಯಿತು. ಮೂರೂ ಇಪ್ಪತ್ತಕ್ಕೆ ಬಸಲಿಂಗಪ್ಪ ರಸ್ತೆಯ ತಿರುವಿನಲ್ಲಿ ಕಂಡ. ಪಾರ್ಶ್ವನಾಥನಿಗೆ ಎಷ್ಟು ಆನಂದವಾಯಿತೆಂದರೆ, ಚಪ್ಪಲಿ ಮರೆತು ಬರಿಗಾಲಲ್ಲೇ ಮೆಟ್ಟಿಲಿಳಿದು ಗೇಟಿಗೆ ಓಡಿದ.

ಚಹಾ ಆಯಿತು. ಬಸ್ಸಿನ ಗದ್ದಲದ ಮಾತಾಯಿತು. ಕೈ ಈಗ ತುಸು ಬಾಗುತ್ತದಂತೆ, ಡಾಕ್ಟರು ಇನ್ನು ಮೇಲೆ ಮನೆಯಲ್ಲೇ ವ್ಯಾಯಾಮ ಮಾಡಲು ಹೇಳಿದ್ದಾರಂತೆ. ಬಸಲಿಂಗಪ್ಪ ಗಿಟಾರು ಕೇಳಲಿಲ್ಲ. ಪಾರ್ಶ್ವನಾಥ ತಡೆಯಲಾರದೆ ಒಳಗೆ ಹೋಗಿ ಅದನ್ನು ತಂದು ಅವನ ತೊಡೆಯ ಮೇಲೆ ತಾನೇ ಮಲಗಿಸಿದ.

ಕೊಟ್ಟದ್ದನ್ನು ಬೇಡವೆನ್ನುವ ಮನುಷ್ಯ ಬಸಲಿಂಗಪ್ಪನಲ್ಲ. ಹೊರಳಿಸಿ ಬೆನ್ನು ನೋಡಿದ. ಮುಂಗೈಯ ಜಾಗ ನೋಡಿದ. ಕತ್ತಿನ ಹಿಂದೆ ಬೆರಳಾಡಿಸಿದ, ಆದರೆ ಹೆಬ್ಬೆರಳನ್ನು ಅಲ್ಲಿ ಊರಲಿಲ್ಲ. ಅಂಗಡಿಯಲ್ಲಿ ಬೇರೆಯವರ ಸಾಮಾನು ನೋಡಿದ ಹಾಗೆ ನೋಡಿ ಎರಡೂ ಕೈಯಲ್ಲಿ ಎತ್ತಿ ವಾಪಸು ಕೊಟ್ಟ.

“ಛಲೋ ಮಾಡ್ಯಾರ್ರೀ,” ಎಂದ. “ಭಾಳ ನಾಜೂಕ ಕೆಲಸ ಐತಿ.”

ನಾಲ್ಕರ ಬಸ್ಸು ಸಿಗುತ್ತದೆಂದು ಎದ್ದ. ಪಾರ್ಶ್ವನಾಥ ಗೇಟಿನ ತನಕ ಹೋಗಿ, “ಮುಂದಿನ ವಾರ…” ಎಂದು ಶುರುಮಾಡಿದ. “ನೋಡೂಣ್ರೀ,” ಎಂದು ಬಸಲಿಂಗಪ್ಪ ನಕ್ಕು ಕೈ ಮುಗಿದ.

ಮೇಲೆ ಬಂದರೆ ಗಿಟಾರು ಕುರ್ಚಿಯ ಮೇಲಿತ್ತು. ಅದರ ಒಂದು ಗೀರೂ ಅಳಿಸಿರಲಿಲ್ಲ. ಪಾರ್ಶ್ವನಾಥ ಗ್ಯಾಲರಿಯ ಕಡೆ ನೋಡಿದ. ಬಸಲಿಂಗಪ್ಪ ಹೋದದ್ದಕ್ಕೆ ದುಃಖವಾಗುವುದು ಸರಿಯೇ. ಅದನ್ನು ಪೂನಮಳಿಗಾದರೂ ಹೇಳಬಹುದು. ಆದರೆ ಅಲ್ಲಿ ನಿಂತಿರುತ್ತಿದ್ದ, ಸಿಗರೇಟು ಸೇದುವ ಇನ್ನೊಬ್ಬನೂ ಹೋಗಿದ್ದ, ಅವನಿಗಾಗಿಯೂ ದುಃಖವಾಗುತ್ತಿತ್ತು. ಅದನ್ನು ಯಾರ ಮುಂದೆ ಹೇಳುವುದು? ಏನೆಂದು ಹೇಳುವುದು? ಆರಕ್ಕೆ ಸ್ವಲ್ಪ ಮುಂಚೆ ಕೆಳಗಿನಿಂದ ಪೂನಮ ಕೂಗಿದಳು, “ಕಾಕಾ, ಊಟಕ್ಕ ಬರ್ರಿ, ಹೊತ್ತ ಮುಳಗಾಕ ಬಂತು.” ಅವನು ಬಂದೆ ಎಂದ.