ಬಾಯಿಗೆ ಕಟ್ಟಿದ ಬಟ್ಟೆ

ಮೂಲೆಯಂಗಡಿಯ ಕ್ಷೌರಿಕನ ಬಾಯಿ ಅವನ ಕತ್ತರಿಗಿಂತ ಚುರುಕು. ಅಂಥವನು ಈಚೆಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದ. ಕೆಮ್ಮಿದರೆ ಕೆಟ್ಟ ನಾತ. ಗಿರಾಕಿ ಮುಖ ತಿರುಗಿಸಿದರೆ ಗಡ್ಡ ತೆಗೆಯುವುದು ಹೇಗೆ? ಅದಕ್ಕೇ ಬಟ್ಟೆಗೆ ಘಮಘಮ ಲೋಷನ್ ಚಿಮುಕಿಸಿಕೊಳ್ಳುತ್ತಿದ್ದ. ದೊಡ್ಡ ಜಾಣ, ಪಾಪ.

ಒಂದು ಬೆಳಿಗ್ಗೆ ಎದುರುಮನೆಯ ನರ್ಸ್ ತನ್ನ ಅಪ್ಪನನ್ನು ಗಡ್ಡಕ್ಕೆ ಕರೆತಂದಳು. ಒಂದು ಕೆನ್ನೆ ಮುಗಿದಿತ್ತು.

"ಏನಯ್ಯಾ, ನನಗೆ ಹಚ್ಚೋ ಲೋಷನ್ನೆಲ್ಲ ನೀನೇ ಹಚ್ಚಿಕೊಂಡಿದ್ದೀಯಲ್ಲ" ಎಂದರು ಮುದುಕರು.

ಅವನು ನಗಲು ಹೋದ, ಕೆಮ್ಮು ಉಕ್ಕಿತು. ನರ್ಸ್ ಎದ್ದು ಬಂದಳು.

"ಅಣ್ಣ, ಹೋದ ತಿಂಗಳು ನಿಮಗೆ ನ್ಯುಮೋನಿಯಾ ಆದಾಗ ಡಾಕ್ಟ್ರು ಕೊಟ್ಟ ಮಾತ್ರೆ ಪೂರ್ತಿ ಮುಗಿಸಿದ್ರಾ?"

"ಜ್ವರ ಬಿಡ್ತು, ನಾನೂ ಮಾತ್ರೆ ಬಿಟ್ಟೆ. ಈಗ ಸಂಜೆ ಮೈ ಬೆಚ್ಚಗಾಗುತ್ತೆ, ಅಷ್ಟೆ. ನಾತ ಈ ಹುಳುಕು ಹಲ್ಲಿಂದು."

"ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಕುಡಿಯೋದು?"

"ನಿದ್ದೆಗೆ ಅಂತ ಸ್ವಲ್ಪ. ಆದ್ರೆ ಹಲ್ಲೆಲ್ಲಿ, ಎದೆಯೆಲ್ಲಿ, ತಂಗಿ?"

"ಕುಡಿದು ಮೈಮರೆತು ಮಲಗಿದಾಗ ಹಲ್ಲಿನ ಕೊಳೆ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳೀಬಹುದು, ಅಲ್ಲಿ ಕೀವು ಕಟ್ಟಬಹುದು. ಎಲ್ಲರಿಗೂ ಹಾಗಾಗಲ್ಲ, ಅಪರೂಪ. ಆದ್ರೆ ಸಕ್ಕರೆ ಹಿಡಿತದಲ್ಲಿ ಇಲ್ಲದವರಿಗೆ, ಕುಡಿಯೋರಿಗೆ, ಸೇದೋರಿಗೆ ಅಪಾಯ ಜಾಸ್ತಿ. ಮಾತ್ರೆ ಅರ್ಧಕ್ಕೆ ಬಿಟ್ರೆ ಇನ್ನೂ ಜಾಸ್ತಿ. ಗಿರಾಕಿಗೊಂದು ಹೊಸ ಬ್ಲೇಡ್ ಹಾಕೋ ನೀವು, ನಿಮ್ಮ ಬಾಯಿ ಬಗ್ಗೆ ಯಾಕೆ ಇಷ್ಟು ತಾತ್ಸಾರ? ಇವತ್ತೇ ಆಸ್ಪತ್ರೆಗೆ ಹೋಗಿ ತೋರಿಸಿ."

"ಅಂಗಡಿ ಮುಚ್ಚಿದ್ರೆ ಗಿರಾಕಿಗಳು ಬೇರೆ ಕಡೆ ಹೋಗ್ತಾರಮ್ಮ."

ಹಾಗೆನ್ನುತ್ತಲೇ ಬಟ್ಟೆ ಬಿಚ್ಚಿ ಕನ್ನಡಿ ನೋಡಿದ. ದಿನವಿಡೀ ಬೇರೆಯವರ ಮುಖ ನೋಡುವವನು ತನ್ನ ಮುಖ ಸರಿಯಾಗಿ ನೋಡಿ ಎಷ್ಟು ಕಾಲವಾಗಿತ್ತೋ. ಕೆನ್ನೆ ಗುಳಿಬಿದ್ದಿತ್ತು. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

"ನಾನೆಲ್ಲಿಗೂ ಹೋಗಲ್ಲ" ಎಂದರು ಮುದುಕರು, ಸೋಪು ಒರೆಸಿಕೊಳ್ಳುತ್ತ. "ಮಿಕ್ಕ ಗಡ್ಡ ನೀನೇ ವಾಸಿಯಾಗಿ ಬಂದು ತೆಗಿ. ಈಗ ಹೊರಡು."

ಎಕ್ಸ್‌ರೇಯಲ್ಲಿ ಶ್ವಾಸಕೋಶದೊಳಗೆ ಕೀವು ಕಂಡಿತು. ಆಸ್ಪತ್ರೆಯಲ್ಲಿ ಮಲಗಬೇಕಾಯಿತು, ಹಲ್ಲು ಕೀಳಿಸಬೇಕಾಯಿತು, ವಾರಗಟ್ಟಲೆ ಔಷಧಿ ನಡೆಯಿತು. ಮನೆಗೆ ಬಂದ ಮೇಲೂ ಕೊನೆಯ ಮಾತ್ರೆ ನುಂಗುವವರೆಗೆ ಹೆಂಡತಿ ಎದುರಿಗೇ ನಿಲ್ಲುತ್ತಿದ್ದಳು. ಹೆಂಡದ ಬಾಟಲಿಗೆ ಮನೆಯಲ್ಲಿ ಜಾಗ ಉಳಿಯಲಿಲ್ಲ.

ಅಂಗಡಿ ತೆರೆದ ದಿನ ಮೊದಲು ಬಂದವರು ಆ ಮುದುಕರೇ. ಒಂದು ಕೆನ್ನೆಯ ಗಡ್ಡ ಇನ್ನೊಂದಕ್ಕಿಂತ ಉದ್ದವಾಗಿತ್ತು. ಕ್ಷೌರಿಕ ಬಟ್ಟೆ ಕಟ್ಟದ ಬಾಯಲ್ಲಿ ಹೊಟ್ಟೆ ತುಂಬ ನಕ್ಕ. ಈ ಸಲ ಕೆಮ್ಮು ಬರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಬಿಟ್ಟ ಜ್ವರ ಮತ್ತೆ ಬಂದಿದೆಯೇ? ಕಫ ನಾರುತ್ತಿದೆಯೇ, ಮೈ ಇಳಿಯುತ್ತಿದೆಯೇ? ಮುಚ್ಚಿಡಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ. ಕೊಟ್ಟ ಮಾತ್ರೆ ಹೇಳಿದಷ್ಟು ದಿನ ನುಂಗಿ. ಹಲ್ಲು ಉಜ್ಜಿ, ಸಕ್ಕರೆ ಹಿಡಿತದಲ್ಲಿಡಿ, ಕುಡಿತ ಬಿಡಿ. ನಿಮಗಾಗಿ ಕಾಯುವವರೂ ಇದ್ದಾರೆ.